ಅಡಿಕೆಗೆ ಕ್ಲೀನ್‌ಚಿಟ್ ಕೊಡೋಕೆ ಕಂಪ್ಯೂಟರ್ ಸಾಲದು

2025ರ ಜನವರಿಯಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಸಾಗರಕ್ಕೆ ಬಂದಿದ್ದರು. ಅಡಿಕೆ ಕ್ಯಾನ್ಸರ್ ತರುತ್ತದೋ ಇಲ್ಲವೋ ಎಂಬುದರ ಬಗ್ಗೆ ಭಾರತೀಯ ಕೃಷಿ ಸಂಶೋಧನಾ ಮಂಡಳಿ, ಅಂದರೆ ಐಸಿಎಆರ್ ಮೂಲಕ ಸಂಶೋಧನೆ ಮಾಡಿಸುತ್ತೇವೆ ಎಂದು ಬೆಳೆಗಾರರಿಗೆ ಭರವಸೆ ಕೊಟ್ಟು ಹೋದರು. ಮಲೆನಾಡು ಮತ್ತು ಅರೆಮಲೆನಾಡಿನ ರಾಜಕಾರಣಿಗಳು ಪಕ್ಷಭೇದವಿಲ್ಲದೆ ಹೇಳಿಕೊಂಡು ಬಂದಿರುವ ಮಾತು ಒಂದೇ: ಅಡಿಕೆಗೆ ಅಂಟಿರುವ ಕಳಂಕ ತೊಳೆಯಬೇಕು.

ಸಂಶೋಧನೆ ಆಗಲಿ, ಯಾರೂ ಬೇಡ ಅನ್ನಲ್ಲ. ಆದರೆ ಉತ್ತರ ಏನು ಬರಬೇಕು ಅಂತ ಮೊದಲೇ ವೇದಿಕೆ ಮೇಲೆ ಹೇಳಿ, ಆಮೇಲೆ ಸಂಶೋಧನೆ ಶುರು ಮಾಡಿದರೆ ಏನಾಗುತ್ತದೆ? ಈಗಿನ ಕಾಲದಲ್ಲಿ ಅದಕ್ಕೆ ಬಹಳ ಅಗ್ಗದ ದಾರಿ ಒಂದಿದೆ. ಲ್ಯಾಪ್‌ಟಾಪ್ ಇದ್ದರೆ ಸಾಕು, ಒಂದು ಮಧ್ಯಾಹ್ನದಲ್ಲಿ "ಅಡಿಕೆಯ ಅಣು ಡಿಎನ್‌ಎಗೆ ಅಂಟುವುದಿಲ್ಲ" ಎಂಬ ಬಣ್ಣಬಣ್ಣದ ಚಿತ್ರ ತೆಗೆಯಬಹುದು. ಬೇಕಿದ್ದರೆ ಅದೇ ಲ್ಯಾಪ್‌ಟಾಪಿನಲ್ಲಿ "ಅಂಟುತ್ತದೆ" ಎಂಬ ಚಿತ್ರವನ್ನೂ ತೆಗೆಯಬಹುದು. ಈ ಲೇಖನ ಇರೋದು ಆ ಚಿತ್ರಗಳ ಬಗ್ಗೆ. ಇಂಥದ್ದೊಂದು ಚಿತ್ರ ನಾಳೆ ನಿಮ್ಮ ಊರಿನ ವಾಟ್ಸ್ಆ್ಯಪ್ ಗ್ರೂಪಿಗೂ ಬರಬಹುದು. ಬಂದಾಗ ಏನು ಕೇಳಬೇಕು ಅಂತ ಗೊತ್ತಿರಬೇಕಲ್ಲ?

ನಾಲ್ಕು ತಾಲ್ಲೂಕು, ಎರಡು ಬೆಳೆ

ದಾವಣಗೆರೆ ಜಿಲ್ಲೆಯನ್ನೇ ನೋಡಿ. ಚನ್ನಗಿರಿ ಅಂದರೆ ಅಡಿಕೆ. ಸೂಳೆಕೆರೆ ನೀರು, ಭದ್ರಾ ನಾಲೆ, ಕೊಳವೆಬಾವಿ ಹೀಗೆ ಎಲ್ಲಿ ನೀರು ಸಿಕ್ಕಿತೋ ಅಲ್ಲೆಲ್ಲ ತೋಟ ಎದ್ದಿದೆ. ತುಮ್‌ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘ ಅಲ್ಲಿನ ಆರ್ಥಿಕತೆಯ ಬೆನ್ನೆಲುಬು. ಹೊನ್ನಾಳಿಯಲ್ಲಿ, 2018ರಲ್ಲಿ ಅದರಿಂದ ಬೇರೆಯಾದ ನ್ಯಾಮತಿಯಲ್ಲಿ ಭತ್ತ, ಮೆಕ್ಕೆಜೋಳದ ನಡುವೆ ಅಡಿಕೆ ನುಗ್ಗುತ್ತಿದೆ. ಜಗಳೂರು ಬರದ ನಾಡು. ಮೆಕ್ಕೆಜೋಳವೇ ಅಲ್ಲಿನ ಮುಖ್ಯ ಆಸರೆ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಗಾಗಿ ಜನ ವರ್ಷಗಟ್ಟಲೆ ಕಾದ ತಾಲ್ಲೂಕು ಅದು. ಅಲ್ಲೂ ನೀರು ಕಂಡವರ ಕಣ್ಣು ಅಡಿಕೆ ಸಸಿ ಮೇಲೇ.

ಯಾಕೆ ಅಂತ ಕೇಳಬೇಕಾಗಿಲ್ಲ. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಓಡಾಡಿದೆ. ಮೆಕ್ಕೆಜೋಳ 2 ಸಾವಿರ ದಾಟಲು ಏದುಸಿರು ಬಿಡುತ್ತದೆ. ಮಗಳ ಮದುವೆ, ಮಗನ ಇಂಜಿನಿಯರಿಂಗ್ ಸೀಟು, ಆಸ್ಪತ್ರೆ ಬಿಲ್ಲು ಎಲ್ಲ ನಡೆಯೋದು ಅಡಿಕೆ ಮಾರಿದ ದುಡ್ಡಲ್ಲೇ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟು ವರ್ಷ ಸಾಲ ಮಾಡಿ ಕಾದವನಿಗೆ "ನೀನು ಬೆಳೆಯೋದು ವಿಷ" ಅಂದರೆ ಸಿಟ್ಟು ಬಾರದೆ ಇರುತ್ತಾ? ಆ ಸಿಟ್ಟು ನ್ಯಾಯವಾದದ್ದೇ. ಅದನ್ನು ಯಾರು, ಯಾತಕ್ಕೆ ಬಳಸಿಕೊಳ್ಳುತ್ತಿದ್ದಾರೆ ಅನ್ನೋದು ಬೇರೆ ಪ್ರಶ್ನೆ.

ಕಂಪ್ಯೂಟರ್ ಏನು ಮಾಡುತ್ತದೆ?

ಡಿಎನ್‌ಎಯನ್ನು ಎರಡು ಎಳೆ ಹೊಸೆದ ಹಗ್ಗ ಅಂದುಕೊಳ್ಳಿ. ಹಗ್ಗದ ಹುರಿಯ ನಡುವೆ ಸಂದುಗಳಿರುತ್ತವಲ್ಲ, ಹಾಗೆ ಡಿಎನ್‌ಎಯಲ್ಲೂ ಒಂದು ಅಗಲದ ಸಂದು, ಒಂದು ಕಿರಿದಾದ ಸಂದು ಇವೆ. ಸಣ್ಣ ಅಣುವೊಂದು ಇದಕ್ಕೆ ಅಂಟಲು ಮುಖ್ಯವಾಗಿ ಮೂರು ದಾರಿ. ಒಂದು, ಸಂದಿನಲ್ಲಿ ಹೋಗಿ ಕೂರೋದು. ಎರಡು, ಚಪ್ಪಟೆ ಅಣುವಾದರೆ ಏಣಿಯ ಮೆಟ್ಟಿಲುಗಳಂತಿರುವ ಬೇಸ್ ಜೋಡಿಗಳ ನಡುವೆ ತೂರಿಕೊಳ್ಳೋದು. ಲಿಯೊನಾರ್ಡ್ ಲೆರ್ಮನ್ 1961ರಲ್ಲಿ ತೋರಿಸಿಕೊಟ್ಟ ದಾರಿ ಇದು. ಮೂರು, ಡಿಎನ್‌ಎ ಜೊತೆ ರಾಸಾಯನಿಕ ಕ್ರಿಯೆ ನಡೆಸಿ ಗಟ್ಟಿ ಬಂಧ ಹಾಕಿಕೊಂಡುಬಿಡೋದು. ಮೊದಲ ಎರಡರಲ್ಲಿ ಅಣು ಬಂದು ಕೂತು ಎದ್ದು ಹೋಗಬಹುದು. ಮೂರನೆಯದು ಗೋಂದು ಹಾಕಿ ಅಂಟಿಸಿದ ಹಾಗೆ. ದೇಹದ ರಿಪೇರಿ ವ್ಯವಸ್ಥೆ ಅದನ್ನು ಕಿತ್ತು ಸರಿಮಾಡಬೇಕು. ಮಾಡಲಾಗದಿದ್ದರೆ ಕೋಶ ವಿಭಜನೆಯಾಗುವಾಗ ಅಕ್ಷರ ತಪ್ಪುತ್ತದೆ. ಕ್ಯಾನ್ಸರಿನ ಕಥೆ ಬಹುಪಾಲು ಇಂಥ ತಪ್ಪಕ್ಷರಗಳ ಕಥೆ.

ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸುಲಭ ವಿಧಾನಕ್ಕೆ ಡಾಕಿಂಗ್ ಅಂತಾರೆ. ಅಮೆರಿಕದ ಇರ್ವಿನ್ ಕುಂಟ್ಜ್ ಮತ್ತು ಸಂಗಡಿಗರು 1982ರಲ್ಲಿ ಇದಕ್ಕೆ ನಾಂದಿ ಹಾಡಿದರು. ಈಗ ಎಲ್ಲರೂ ಬಳಸುವ ಆಟೋಡಾಕ್ ವೀನಾ 2010ರಲ್ಲಿ ಪ್ರಕಟವಾಯಿತು. ಉಚಿತವಾಗಿ ಸಿಗುತ್ತದೆ. ಡಿಎನ್‌ಎ ರಚನೆಯೂ ಉಚಿತ. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1ಬಿಎನ್ಎ ಎಂಬ ಸಂಕೇತದಲ್ಲಿ 12 ಅಕ್ಷರ ಜೋಡಿಗಳ ತುಣುಕೊಂದಿದೆ. ರಿಚರ್ಡ್ ಡಿಕರ್ಸನ್ ತಂಡ 1981ರ ಹೊತ್ತಿಗೆ ಬಿಡಿಸಿದ ರಚನೆ ಅದು. ಅಣುವಿನ ಫೈಲು ಹಾಕಿ, ಡಿಎನ್‌ಎ ಫೈಲು ಹಾಕಿ, ಬಟನ್ ಒತ್ತಿದರೆ ತಂತ್ರಾಂಶ ಅಣುವನ್ನು ಸಾವಿರಾರು ಭಂಗಿಗಳಲ್ಲಿ ತಿರುಗಿಸಿ ನೋಡಿ ಒಂದು ಅಂಕ ಕೊಡುತ್ತದೆ. ಅಂಕ ಋಣಾತ್ಮಕವಾಗಿ ದೊಡ್ಡದಾದಷ್ಟೂ ಅಂಟು ಜೋರು ಎಂದರ್ಥ.

ದುಬಾರಿ ಯಂತ್ರ ಕೊಳ್ಳಲಾಗದ ನಮ್ಮ ಜಿಲ್ಲಾ ಮಟ್ಟದ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಇದು ನಿಜಕ್ಕೂ ವರದಾನ. ಹಾಗಾಗಿಯೇ ರಸಾಯನಶಾಸ್ತ್ರ ವಿಭಾಗಗಳಿಂದ ಬರುವ ಪ್ರಬಂಧಗಳಲ್ಲಿ ಡಾಕಿಂಗ್ ಚಿತ್ರವೊಂದು ಕಡ್ಡಾಯ ಅನ್ನೋ ಹಾಗಾಗಿದೆ. ಪ್ರಯೋಗ ಮಾಡಿದವರು ಅದಕ್ಕೆ ಪೂರಕವಾಗಿ ಡಾಕಿಂಗ್ ಬಳಸಿದರೆ ತಕರಾರಿಲ್ಲ. ಪ್ರಯೋಗವೇ ಇಲ್ಲದೆ ಬರೀ ಡಾಕಿಂಗ್ ಅಂಕ ಹಿಡಿದುಕೊಂಡು ತೀರ್ಪು ಕೊಟ್ಟಾಗ ತೊಂದರೆ ಶುರುವಾಗುತ್ತದೆ.

ಅಂಕಗಳ ಒಳಗಿನ ಕಥೆ

ಮೊದಲನೇ ತೊಂದರೆ: ಈ ತಂತ್ರಾಂಶ ಯಾವ ಅಣು ಕೊಟ್ಟರೂ ಒಂದು ಅಂಕ ಕೊಡುತ್ತದೆ. ಸಕ್ಕರೆ ಹಾಕಿ, ಕಾಫಿಯ ಕೆಫೀನ್ ಹಾಕಿ, ಉತ್ತರ ಬಂದೇ ಬರುತ್ತದೆ. "ನನಗೆ ಗೊತ್ತಿಲ್ಲ" ಅನ್ನೋ ಆಪ್ಷನ್ ಅದಕ್ಕಿಲ್ಲ.

ಎರಡನೇ ತೊಂದರೆ: ದೋಷದ ಪ್ರಮಾಣ. ವೀನಾ ರಚಿಸಿದವರೇ ತಮ್ಮ ಪ್ರಬಂಧದಲ್ಲಿ ಬರೆದ ಪ್ರಕಾರ ಅದರ ಅಂದಾಜಿನಲ್ಲಿ ಪ್ರತಿ ಮೋಲ್‌ಗೆ ಸುಮಾರು 2.85 ಕಿಲೋಕ್ಯಾಲರಿಯಷ್ಟು ತಪ್ಪು ಇರಬಹುದು. ನೋಡೋಕೆ ಸಣ್ಣ ಸಂಖ್ಯೆ. ಆದರೆ ಕೋಣೆಯ ಉಷ್ಣತೆಯಲ್ಲಿ ಹೆಚ್ಚುಕಡಿಮೆ 1.4 ಕಿಲೋಕ್ಯಾಲರಿ ವ್ಯತ್ಯಾಸ ಅಂದರೆ ಅಂಟುವ ಬಲದಲ್ಲಿ ಹತ್ತು ಪಟ್ಟು ವ್ಯತ್ಯಾಸ. ಹಾಗಾದರೆ 2.85 ಅಂದರೆ ನೂರು ಪಟ್ಟಿಗೂ ಜಾಸ್ತಿ. ಆರು ಅಂಕ ಬಂದ ಅಣುವಿಗೂ ಎಂಟು ಅಂಕ ಬಂದ ಅಣುವಿಗೂ ಇರುವ ಅಂತರ ಈ ಮಂಜಿನಲ್ಲೇ ಕರಗಿಹೋಗುತ್ತದೆ. ತೂಕದಲ್ಲಿ ಇಷ್ಟು ತಪ್ಪು ತೋರಿಸುವ ತಕ್ಕಡಿಯನ್ನು ಅಡಿಕೆ ಮಂಡಿಯಲ್ಲಿ ಒಂದು ದಿನ ಇಟ್ಟು ನೋಡಿ, ಏನಾಗುತ್ತದೆ ಅಂತ.

ಮೂರನೇ ತೊಂದರೆ ಇನ್ನೂ ದೊಡ್ಡದು. ವೀನಾದ ಅಂಕ ಹಾಕುವ ಸೂತ್ರವನ್ನು ತಿದ್ದಿ ತೀಡಿದ್ದು ಪ್ರೋಟೀನಿಗೆ ಅಂಟುವ ಅಣುಗಳ ಮಾಹಿತಿ ಇಟ್ಟುಕೊಂಡು. ಡಿಎನ್‌ಎ ಸ್ವಭಾವವೇ ಬೇರೆ. ಅದರ ಬೆನ್ನುದ್ದಕ್ಕೂ ಋಣ ವಿದ್ಯುದಂಶ, ಸುತ್ತ ಸೋಡಿಯಂನಂಥ ಅಯಾನುಗಳು, ಸಂದುಗಳಲ್ಲಿ ನೀರಿನ ಸಾಲು. ವೀನಾ ಈ ವಿದ್ಯುದಂಶಗಳನ್ನು ನೇರವಾಗಿ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ. ಜೊತೆಗೆ ಡಿಎನ್‌ಎ ಅಲ್ಲಾಡದೆ ನಿಂತಿರುತ್ತದೆ ಎಂದು ಊಹಿಸುತ್ತದೆ. ಬೇಸ್ ಜೋಡಿಗಳ ನಡುವೆ ಅಣು ತೂರಬೇಕಾದರೆ ಮೊದಲು ಅಲ್ಲಿ ಜಾಗ ತೆರೆದುಕೊಳ್ಳಬೇಕು. ಮುಚ್ಚಿದ ಬಾಗಿಲಿನ ಫೋಟೋ ಕೊಟ್ಟು "ಒಳಗೆ ಹೋಗೋಕಾಗುತ್ತಾ?" ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತದೆ.

ಈಗ ಅಡಿಕೆಗೆ ಬನ್ನಿ. ಅಡಿಕೆಯ ಮುಖ್ಯ ಆಲ್ಕಲಾಯ್ಡ್ ಅರೆಕೊಲಿನ್. ಅಣುತೂಕ ಬರೀ 155. ಚಪ್ಪಟೆ ಉಂಗುರಗಳ ಸಾಲಿಲ್ಲ, ಆದ್ದರಿಂದ ಮೆಟ್ಟಿಲ ನಡುವೆ ತೂರುವ ಜಾತಿಯದ್ದಲ್ಲ. ಡಾಕಿಂಗ್ ತಂತ್ರಾಂಶಗಳು ಸಾಮಾನ್ಯವಾಗಿ ದೊಡ್ಡ ಅಣುಗಳಿಗೆ ಹೆಚ್ಚು ಅಂಕ, ಪುಟ್ಟ ಅಣುಗಳಿಗೆ ಕಡಿಮೆ ಅಂಕ ಕೊಡುತ್ತವೆ. ಹಾಗಾಗಿ ಅರೆಕೊಲಿನ್ ಅನ್ನು ಡಾಕ್ಸೊರುಬಿಸಿನ್‌ನಂಥ ದೊಡ್ಡ ಕ್ಯಾನ್ಸರ್ ಔಷಧಿಯ ಪಕ್ಕ ಇಟ್ಟು ಡಾಕ್ ಮಾಡಿದರೆ "ನೋಡಿ, ಅಡಿಕೆಯ ಅಣು ಡಿಎನ್‌ಎಗೆ ಸರಿಯಾಗಿ ಅಂಟೋದೇ ಇಲ್ಲ" ಅನ್ನಬಹುದು. ಅದನ್ನೇ ಇನ್ನೂ ಪುಟ್ಟ ಅಣುವಿನ ಪಕ್ಕ ಇಟ್ಟರೆ "ಅಯ್ಯೋ, ಎಷ್ಟು ಗಟ್ಟಿ ಅಂಟುತ್ತೆ" ಅಂತಲೂ ಶೀರ್ಷಿಕೆ ಕೊಡಬಹುದು. ಎರಡೂ ವಿಜ್ಞಾನದ ವೇಷ ಹಾಕಿಕೊಂಡ ಅಭಿಪ್ರಾಯಗಳೇ.

ಪ್ರಶ್ನೆಯೇ ತಪ್ಪಿದರೆ?

ಅರೆಕೊಲಿನ್ ಡಿಎನ್‌ಎಗೆ ಅಂಟುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಪಕ್ಕಾ ಉತ್ತರ ಸಿಕ್ಕರೂ ಕ್ಯಾನ್ಸರಿನ ಪ್ರಶ್ನೆ ಬಗೆಹರಿಯಲ್ಲ. ಯಾಕೆಂದರೆ ಜಗಿಯುವ ಬಾಯಿ ಒಂದು ರಾಸಾಯನಿಕ ಕಾರ್ಖಾನೆ. ಅಡಿಕೆಯ ಆಲ್ಕಲಾಯ್ಡ್‌ಗಳು ಎಂಜಲಿನಲ್ಲಿರುವ ನೈಟ್ರೈಟ್ ಜೊತೆ ಸೇರಿ ನೈಟ್ರೊಸಮೀನ್‌ಗಳಾಗುತ್ತವೆ. ಅವುಗಳಲ್ಲಿ ಕೆಲವು ದೇಹದೊಳಗೆ ಬದಲಾಗಿ ಡಿಎನ್‌ಎ ಅಕ್ಷರಗಳಿಗೆ ಗಟ್ಟಿ ಬಂಧ ಹಾಕಿಕೊಳ್ಳುತ್ತವೆ. ಇನ್ನೊಂದು ಕಡೆ ಸುಣ್ಣದ ಕ್ಷಾರ ಸೇರಿದಾಗ ಅಡಿಕೆಯ ಪಾಲಿಫಿನಾಲ್‌ಗಳಿಂದ ಆಮ್ಲಜನಕದ ಚುರುಕು ರೂಪಗಳು ಹುಟ್ಟಿ ಡಿಎನ್‌ಎಗೆ ಏಟು ಕೊಡುತ್ತವೆ. ಅಡಿಕೆಯ ತಾಮ್ರದ ಅಂಶ, ಬಾಯಿಯ ಒಳಚರ್ಮ ನಾರಾಗಿ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ನೆರವಾಗುತ್ತದೆ ಎಂಬ ವಿವರಣೆಯೂ ಇದೆ. ಇದ್ಯಾವುದೂ "ಅರೆಕೊಲಿನ್ ಫೈಲು, ಡಿಎನ್‌ಎ ಫೈಲು, ಬಟನ್" ಲೆಕ್ಕದೊಳಗೆ ಬರಲ್ಲ.

ಇದು ಕಷ್ಟ ಅನ್ನಿಸಿದರೆ ಜಗಳೂರಿನ ಮೆಕ್ಕೆಜೋಳದ ಉದಾಹರಣೆ ತಗೊಳ್ಳಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ತೆನೆ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಜಾತಿಯ ಬೂಷ್ಟಾದರೆ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ಕಾಯಿಲೆಯಿಂದ ಸತ್ತರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ದಾಖಲಿಸಿದರು. ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್ ತರುತ್ತದೆ ಅನ್ನೋದರಲ್ಲಿ ಈಗ ಯಾರಿಗೂ ಅನುಮಾನವಿಲ್ಲ. ಆದರೆ ಬೂಷ್ಟಿನಲ್ಲಿರುವ ರೂಪದಲ್ಲಿ ಆ ಅಣು ಡಿಎನ್‌ಎಗೆ ಗಟ್ಟಿ ಬಂಧ ಹಾಕಲ್ಲ! ನಮ್ಮ ಯಕೃತ್ತಿನ ಕಿಣ್ವಗಳು ಅದನ್ನು ಎಪಾಕ್ಸೈಡ್ ಎಂಬ ಚುರುಕು ರೂಪಕ್ಕೆ ತಿರುಗಿಸಿದ ಮೇಲೆ ಅದು ಬೇಸ್ ಜೋಡಿಗಳ ನಡುವೆ ತೂರಿ, ಗ್ವಾನಿನ್ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಮೂಲ ಅಣುವನ್ನಷ್ಟೇ ಡಾಕ್ ಮಾಡಿ ಅಂಕ ನೋಡಿ "ಮೆಕ್ಕೆಜೋಳದ ಬೂಷ್ಟು ಸುರಕ್ಷಿತ" ಅಂತ ಯಾರಾದರೂ ಹೇಳಿದ್ದರೆ ನಾವು ಒಪ್ಪುತ್ತಿದ್ದೆವಾ?

ತೀರ್ಪು ಬಂದದ್ದು ಜನರಿಂದ

ಅಡಿಕೆಯ ವಿಚಾರದಲ್ಲಿ ಜಗತ್ತು ತೀರ್ಮಾನಕ್ಕೆ ಬಂದದ್ದು ಕಂಪ್ಯೂಟರ್ ನೋಡಿ ಅಲ್ಲ, ಜಗಿಯುವವರನ್ನು ವರ್ಷಗಟ್ಟಲೆ ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ 1985ರಲ್ಲಿ ತಂಬಾಕು ಬೆರೆತ ಎಲೆ-ಅಡಿಕೆ ಕ್ಯಾನ್ಸರ್‌ಕಾರಕ ಎಂದಿತು. ತಂಬಾಕಿಲ್ಲದ ಅಡಿಕೆ ಬಗ್ಗೆ ಆಗ ಸಾಕಷ್ಟು ಪುರಾವೆ ಇರಲಿಲ್ಲ, ಹಾಗಂತಲೇ ಹೇಳಿತು. ಆಮೇಲೆ ತೈವಾನ್‌ನಂಥ ಕಡೆಯಿಂದ ಅಧ್ಯಯನಗಳು ಬಂದವು. ಅಲ್ಲಿನವರು ಅಡಿಕೆಗೆ ತಂಬಾಕು ಹಾಕಲ್ಲ. ಸಿಗರೇಟಿನ ಪರಿಣಾಮವನ್ನು ಲೆಕ್ಕದಿಂದ ಬೇರ್ಪಡಿಸಿ ನೋಡಿದಾಗಲೂ ಬಾಯಿ ಕ್ಯಾನ್ಸರ್ ಕಂಡಿತು. 2003ರಲ್ಲಿ ಸೇರಿದ ಐಎಆರ್‌ಸಿ ತಜ್ಞರು ಅಡಿಕೆಯನ್ನೇ ಮೊದಲ ಗುಂಪಿಗೆ ಸೇರಿಸಿದರು. ಆ ವರದಿ 2004ರಲ್ಲಿ ಪ್ರಕಟವಾಯಿತು. "ಆ ಅಧ್ಯಯನ ಮಾಡಿದ್ದು ಗುಟ್ಕಾ ಮೇಲೆ, ಅಡಿಕೆ ಮೇಲಲ್ಲ" ಅನ್ನೋ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

2020ರಲ್ಲಿ ಇನ್ನೊಂದು ಬೆಳವಣಿಗೆ ಆಯಿತು. ಐಎಆರ್‌ಸಿ ಅರೆಕೊಲಿನ್ ಅನ್ನು ಮಾತ್ರ ಪ್ರತ್ಯೇಕವಾಗಿ ಪರಿಶೀಲಿಸಿ 2ಬಿ ಗುಂಪಿಗೆ, ಅಂದರೆ "ಕ್ಯಾನ್ಸರ್‌ಕಾರಕ ಆಗಿರುವ ಸಾಧ್ಯತೆ ಇದೆ" ಎಂಬ ಗುಂಪಿಗೆ ಹಾಕಿತು. ಇದನ್ನು ಹಿಡಿದುಕೊಂಡು "ನೋಡಿ, ಅವರೇ ಅಡಿಕೆಯನ್ನು ಕೆಳಗಿಳಿಸಿದರು" ಅನ್ನುವವರಿದ್ದಾರೆ. ಅಡಿಕೆ ಮೊದಲ ಗುಂಪಿನಲ್ಲೇ ಇದೆ. ಅದರೊಳಗಿನ ಒಂದು ಅಣುವಿಗೆ, ಅದೊಂದನ್ನೇ ಬೇರೆ ತೆಗೆದರೆ, ಸಿಕ್ಕ ಪುರಾವೆ ಅಷ್ಟೇ ಎಂದು ಇದರರ್ಥ.

ಬೆಳೆಗಾರರ ಪರವಾಗಿಯೂ ಒಂದು ಮಾತು ಹೇಳಬೇಕು. ಐಎಆರ್‌ಸಿ ಗುಂಪು ಹೇಳೋದು ಪುರಾವೆ ಎಷ್ಟು ಗಟ್ಟಿ ಅಂತ ಮಾತ್ರ. ಅಪಾಯ ಎಷ್ಟು ದೊಡ್ಡದು ಅಂತ ಅದು ಹೇಳಲ್ಲ. ಮದ್ಯ, ಬಿಸಿಲು ಕೂಡ ಅದೇ ಮೊದಲ ಗುಂಪಿನಲ್ಲಿವೆ. ಹಬ್ಬದೂಟದ ನಂತರ ಹಾಕುವ ಒಂದು ಎಲೆ-ಅಡಿಕೆಗೂ ದಿನಕ್ಕೆ ಹತ್ತು ಪೊಟ್ಟಣ ಹರಿಯುವುದಕ್ಕೂ ಅಪಾಯ ಒಂದೇ ಅಲ್ಲ. ಚೊಗರಿನಲ್ಲಿ ಬೇಯಿಸಿದ ಕೆಂಪಡಿಕೆಗೂ ಹಸಿ ಅಡಿಕೆಗೂ ಆಲ್ಕಲಾಯ್ಡ್ ಪ್ರಮಾಣದಲ್ಲಿ ವ್ಯತ್ಯಾಸವಿದೆ. ಇದೆಲ್ಲ ನಿಜವಾಗಿ ಅಧ್ಯಯನ ಮಾಡಬೇಕಾದ ಪ್ರಶ್ನೆಗಳು. "ನಮ್ಮಜ್ಜ ಎಂಬತ್ತು ವರ್ಷ ಎಲೆ-ಅಡಿಕೆ ಹಾಕ್ಕೊಂಡೇ ಇದ್ರು, ಏನೂ ಆಗ್ಲಿಲ್ಲ" ಅನ್ನೋದು ಇವಕ್ಕೆ ಉತ್ತರವಾಗಲ್ಲ. ಬೀಡಿ ಸೇದಿ ಎಂಬತ್ತು ದಾಟಿದ ಅಜ್ಜಂದಿರೂ ಎಲ್ಲ ಊರಲ್ಲೂ ಸಿಗುತ್ತಾರೆ.

ಹಾಗಾದರೆ ಕಂಪ್ಯೂಟರ್ ದಂಡವಾ?

ಖಂಡಿತ ಅಲ್ಲ. ಸರಿಯಾದ ಪ್ರಶ್ನೆ ಕೇಳಿದರೆ ಅದಕ್ಕಿಂತ ಒಳ್ಳೆ ಸಾಧನ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿಮನ್ ಬಾಗ್ಚಿ, ಅರ್ನಬ್ ಮುಖರ್ಜಿ, ರಿಚರ್ಡ್ ಲ್ಯಾವರಿ, ಜೇಮ್ಸ್ ಹೈನ್ಸ್ ಜೊತೆ ಸೇರಿ 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಡೌನೊಮೈಸಿನ್ ಎಂಬ ಕ್ಯಾನ್ಸರ್ ಔಷಧಿ ಡಿಎನ್‌ಎಯ ಮೆಟ್ಟಿಲುಗಳ ನಡುವೆ ಹೇಗೆ ತೂರುತ್ತದೆ ಎಂಬುದೇ ಅದರ ವಿಷಯ. ಅಣು ಮೊದಲು ಕಿರಿದಾದ ಸಂದಿನಲ್ಲಿ ಕೂರುತ್ತದೆ, ಆಮೇಲೆ ಶಕ್ತಿಯ ದಿಬ್ಬವೊಂದನ್ನು ಹತ್ತಿ ಒಳನುಗ್ಗುತ್ತದೆ, ಆ ದಾರಿಯಲ್ಲಿ ಡಿಎನ್‌ಎ ತನ್ನ ಆಕಾರ ಬದಲಿಸಿಕೊಳ್ಳುತ್ತದೆ ಎಂಬ ಚಿತ್ರಣ ಅದರಿಂದ ಸಿಕ್ಕಿತು. ಈ ವಿಧಾನದಲ್ಲಿ ನೀರು, ಅಯಾನು, ಡಿಎನ್‌ಎ ಎಲ್ಲದಕ್ಕೂ ಅಲ್ಲಾಡುವ ಸ್ವಾತಂತ್ರ್ಯ ಕೊಡುತ್ತಾರೆ. ಹಾಗಾಗಿ ಇದು ಬಹಳ ದುಬಾರಿ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಚಲನೆ ನೋಡಬೇಕಾದರೂ ಕಂಪ್ಯೂಟರ್ ಸುಮಾರು 50 ಕೋಟಿ ಹೆಜ್ಜೆ ಲೆಕ್ಕ ಹಾಕಬೇಕು. ಅದೇ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರುಗಳು ಬೇಕಾಗೋದು ಇದಕ್ಕೇ.

ಇಷ್ಟು ಮಾಡಿದ ಮೇಲೂ ಆ ಪ್ರಬಂಧ ಹೇಳುವುದು "ಹೇಗೆ" ಎಂಬುದನ್ನು. ಒಂದು ಊರಿನಲ್ಲಿ ಎಷ್ಟು ಜನರಿಗೆ ಕಾಯಿಲೆ ಬರುತ್ತದೆ ಎಂಬುದನ್ನು ಅದು ಹೇಳಲು ಹೋಗುವುದಿಲ್ಲ. ಅದರ ಘನತೆ ಇರೋದೂ ಅಲ್ಲೇ.

ಲಾಭ ಯಾರಿಗೆ, ನೋವು ಯಾರಿಗೆ

ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಹಾರದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಎಂಬ 2011ರ ನಿಯಮ ಅದಕ್ಕೆ ಆಧಾರ. ಕಂಪನಿಗಳು ಏನು ಮಾಡಿದವು? ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡೂ ಒಂದೇ ಗೂಡಂಗಡಿಯಲ್ಲಿ ಅಕ್ಕಪಕ್ಕ ನೇತಾಡುತ್ತವೆ, ಬೆರೆಸಿಕೊಳ್ಳುವ ಕೆಲಸ ಗಿರಾಕಿಯದ್ದು. ಅಡಿಕೆಯ ಬಹುದೊಡ್ಡ ಗಿರಾಕಿ ಇದೇ ಉದ್ಯಮ. ಬೆಳೆಗಾರನ ಹೆಸರಿನಲ್ಲಿ "ಅಡಿಕೆ ಅಮೃತ" ಎಂಬ ಪ್ರಮಾಣಪತ್ರ ಬಂದರೆ ಮೊದಲ ಲಾಭ ಆ ಪೊಟ್ಟಣದವರಿಗೆ.

ಬೆಳೆಗಾರನ ನಿಜವಾದ ಸಂಕಟಗಳು ಬೇರೆ ಇವೆ. ಎಲೆಚುಕ್ಕಿ ರೋಗ, ಕೊಳೆ ರೋಗ, ಹೊರದೇಶದಿಂದ ಕಳ್ಳದಾರಿಯಲ್ಲಿ ಬರುವ ಅಡಿಕೆ. 2022ರಲ್ಲಿ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಭೂತಾನಿನಿಂದ 17 ಸಾವಿರ ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಅನುಮತಿ ಕೊಟ್ಟಿತು. ಗಲಾಟೆ ಆದ ಮೇಲೆ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿತು. ಬೆಲೆಯ ಹಗ್ಗಜಗ್ಗಾಟ ನಡೆಯೋದು ಇಲ್ಲಿ, ಡಿಎನ್‌ಎ ಸಂದಿನಲ್ಲಲ್ಲ. ತೈವಾನ್ ಸರ್ಕಾರ ಬಾಯಿ ಕ್ಯಾನ್ಸರ್ ತಪಾಸಣೆ ನಡೆಸಿತು, ಜೊತೆಗೆ ಅಡಿಕೆ ಬಿಟ್ಟು ಬೇರೆ ಬೆಳೆಗೆ ಹೋಗುವ ರೈತರಿಗೆ ಸಹಾಯಧನವನ್ನೂ ಕೊಟ್ಟಿತು. ಸತ್ಯ ಒಪ್ಪಿಕೊಂಡು ರೈತನ ಕೈ ಹಿಡಿಯಬಹುದು ಅನ್ನೋದಕ್ಕೆ ಅದೊಂದು ಉದಾಹರಣೆ. ನಮ್ಮಲ್ಲಿ ಸತ್ಯ ಒಪ್ಪಲು ಭಯ, ಯಾಕಂದರೆ ಒಪ್ಪಿದ ಮರುದಿನ ಜಗಳೂರಿನಲ್ಲಿ ಸಸಿ ನೆಟ್ಟವನಿಗೆ ಪರ್ಯಾಯ ಏನು ಅಂತ ಉತ್ತರ ಕೊಡಬೇಕಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಸರ್ಕಾರದ ಸಂಶೋಧನಾ ವರದಿ ಬಂದಾಗ ನಾವು ಕೇಳಬೇಕಾದ್ದು ನಾಲ್ಕೇ. ಅಧ್ಯಯನ ಮಾಡಿದ್ದು ಜನರ ಮೇಲೋ, ಇಲಿ ಮೇಲೋ, ಬರೀ ಕಂಪ್ಯೂಟರಿನಲ್ಲೋ? ಒಂಟಿ ಅರೆಕೊಲಿನ್ ನೋಡಿದರೋ, ಬಾಯಿಯಲ್ಲಿ ಅದರಿಂದ ಹುಟ್ಟುವ ಪದಾರ್ಥಗಳನ್ನೂ ನೋಡಿದರೋ? ತಂಬಾಕಿಲ್ಲದೆ ಅಡಿಕೆ ಮಾತ್ರ ಜಗಿಯುವವರನ್ನು ಬೇರೆಯಾಗಿ ಲೆಕ್ಕ ಹಾಕಿದರೋ? ಮೂಲ ದತ್ತಾಂಶವನ್ನು ಯಾರು ಬೇಕಾದರೂ ಪರೀಕ್ಷಿಸಲು ತೆರೆದಿಟ್ಟಿದ್ದಾರೋ?

ಇದಕ್ಕೆ ದೆಹಲಿಯವರೆಗೂ ಕಾಯಬೇಕಾಗಿಲ್ಲ. ದಾವಣಗೆರೆಯಲ್ಲೇ ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂಬ ಎರಡು ದಂತ ಕಾಲೇಜುಗಳಿವೆ. 2009ರಲ್ಲಿ ಆರಂಭವಾದ ವಿಶ್ವವಿದ್ಯಾಲಯವೂ ಇದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಹಳ್ಳಿಹಳ್ಳಿಗೆ ಹೋಗಿ ಯಾರು ಏನು ಜಗಿಯುತ್ತಾರೆ, ಎಷ್ಟು ವರ್ಷದಿಂದ, ಬಾಯಿ ಹೇಗಿದೆ ಅಂತ ಹತ್ತು ವರ್ಷ ಬಿಡದೆ ದಾಖಲಿಸಿದರೆ ಅದು ಸಾವಿರ ಡಾಕಿಂಗ್ ಪ್ರಬಂಧಗಳಿಗಿಂತ ತೂಕದ್ದಾಗುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಡಾಕಿಂಗ್ ಕಲಿಯಲಿ. ಅದರ ದೋಷದ ಪ್ರಮಾಣವನ್ನೂ ಅಂಕದ ಪಕ್ಕದಲ್ಲೇ ಬರೆಯುವುದನ್ನು ಕಲಿಯಲಿ.

ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ನಿಮ್ಮ ಹಾಸ್ಟೆಲಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸದಾ ಪೊಟ್ಟಣ ಹರಿಯುವ ಗೆಳೆಯ ಇದ್ದರೆ, ಬಾಯಿ ಪೂರ್ತಿ ತೆರೆದು ತನ್ನ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಹಾಕಲು ಹೇಳಿ. ಹೋಗದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತದೆ ಅಂತಲೂ ಹೇಳಿದರೆ, ವಾದ ಮಾಡುತ್ತಾ ಕೂರಬೇಡಿ, ದಂತ ವೈದ್ಯರ ಹತ್ತಿರ ಕರಕೊಂಡು ಹೋಗಿ.